ಭದ್ರೆಯ ತಡಿಯ ದಾಂಡಿಗ

ದಾವಣಗೆರೆಯ ಗದ್ದೆಗಳಿಗೆ ನಾಲೆಯಾಗಿ ಬಂದು, ಕೂಡಲಿಯಲ್ಲಿ ತುಂಗೆಯೊಡನೆ ಒಂದಾಗಿ ಹರಿಹರದತ್ತ ಹರಿಯುವ ಭದ್ರೆಯ ತಡಿಯ ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಗುಂಡಪ್ಪ ರಂಗನಾಥ ವಿಶ್ವನಾಥರು ಕ್ರಿಕೆಟ್ಟಿನ ದಾಂಡಿಗರಲ್ಲಿ ಅಗ್ರಗಣ್ಯರು. ಅಮೆರಿಕದವರು ತಮ್ಮ ಬೇಸ್‌ಬಾಲಿನ ಬೇಬ್ ರೂತನನ್ನು 714 ಹೋಮ್ ರನ್ನುಗಳ ಲೆಕ್ಕದಿಂದ ಸ್ಮರಿಸುವರು; ನಮ್ಮವರನ್ನು 91 ಟೆಸ್ಟ್, 6080 ರನ್, 14 ಶತಕಗಳೆಂದು ಎಣಿಸಿದರೆ ಅರ್ಧವೂ ತಿಳಿಯದು.

1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಗಳಿಸಿದ ಇವರ ಪರಮೋತ್ಕೃಷ್ಟ ಆಟವಾದರೋ ಶತಕವೇ ಅಲ್ಲ. 1975ರ ಜನವರಿಯಲ್ಲಿ, ಮದರಾಸಿನಲ್ಲಿ, ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ಮಂದಿಯನ್ನು ಉರುಳಿಸಿ ತಂಡವನ್ನು 190ಕ್ಕೆ ಮುಗಿಸಿದಾಗ, ಕುಳ್ಳಗಿನ ಈ ವ್ಯಕ್ತಿ, ಎದೆಯೆತ್ತರಕ್ಕೆ ಪುಟಿದ ಚೆಂಡನ್ನು ಕಡೆಯ ಕ್ಷಣದವರೆಗೂ ಕಾದು, ಮಣಿಕಟ್ಟಿನ ಒಂದೇ ತಿರುವಿನಿಂದ ಕಟ್ ಮಾಡಿ ಬೌಂಡರಿಗಟ್ಟುತ್ತ, ಜೊತೆಗಾರರಿಲ್ಲದೆ 97ರಲ್ಲಿ ಔಟಾಗದೆ ಉಳಿದರು. ಭಾರತ 100 ರನ್ನುಗಳಿಂದ ಗೆದ್ದಿತು. ಇವರು ಶತಕ ಬಾರಿಸಿದ ಯಾವ ಟೆಸ್ಟಿನಲ್ಲಿಯೂ ಭಾರತ ಸೋಲಲಿಲ್ಲವೆಂಬುದು ಸಾಮಾನ್ಯ ಸಂಗತಿಯಲ್ಲ.

1980ರ ಮುಂಬಯಿ ಸುವರ್ಣೋತ್ಸವ ಟೆಸ್ಟಿನಲ್ಲಿ, ನಾಯಕರಾಗಿದ್ದ ಇವರು, ಅಂಪೈರು ಔಟೆಂದ ಇಂಗ್ಲೆಂಡಿನ ಬಾಬ್ ಟೇಲರರನ್ನು ಮರಳಿ ಕರೆದು ಆಡಿಸಿದರು, ಪಂದ್ಯ ಕೈತಪ್ಪಿತು. ಇದನ್ನು ಮೂರ್ಖತನವೆನ್ನುವವರು ಉಂಟು, ನನಗಂತೂ ಹಾಗೆನಿಸದು.

ದಾವಣಗೆರೆಯು ಮುಂದೆ ವಿನಯಕುಮಾರರೆಂಬ ಬೌಲರನ್ನು ನಾಡಿಗಿತ್ತಿತು; 2013–14, 2014–15ರ ರಣಜಿ ಕಪ್ಪುಗಳನ್ನು ಕರ್ನಾಟಕ ಗೆದ್ದದ್ದು ಅವರ ನಾಯಕತ್ವದಲ್ಲಿಯೇ. ದಾಂಡಿಗರಲ್ಲಿ ಮಾತ್ರ ವಿಶ್ವನಾಥರಿಗೆ ಸಮನಾದವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.