ಹೊರಗಿಟ್ಟವರು ರಾಕ್ಷಸರಾಗುತ್ತಾರೆಯೇ?

ನಿಜಾಮರ ಹೈದರಾಬಾದ್ ಸಂಸ್ಥಾನ 1919ರಲ್ಲಿ ಒಂದು ಕಾಯ್ದೆ ತಂದಿತು. ಗಂಡುಮಕ್ಕಳನ್ನು ಅಪಹರಿಸಿ ಲಿಂಗಛೇದ ಮಾಡುವವರೆಂಬ ಗುಮಾನಿಯಿದ್ದ ಹಿಜ್ರಾಗಳ ಹೆಸರು, ವಿಳಾಸಗಳನ್ನು ಸರ್ಕಾರ ಬರೆದಿಡಬೇಕು. ಹಾಗೆ ದಾಖಲಾದವರು ಬೀದಿಯಲ್ಲಿ ಹೆಣ್ಣುಡುಗೆಯಲ್ಲಿ ಕಂಡರೆ, ಹಾಡಿ ಕುಣಿದರೆ, ವಾರಂಟ್ ಇಲ್ಲದೆಯೇ ಬಂಧಿಸಬಹುದು; ಎರಡು ವರ್ಷದವರೆಗೂ ಜೈಲು. ಇದು ನಿಜಾಮರ ಕಾಲಕ್ಕೇ ಮುಗಿದ ಮಾತಲ್ಲ. ಹಿಜ್ರಾಗಳ ಹೆಸರು ಬರೆದಿಡುವ 36ಎ ಕಲಂ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ್ದು 2011ರಲ್ಲಿ.

ಹೀಗೆ ಹೊರಗಿಡುವ ತಿರಸ್ಕಾರ ಮನುಷ್ಯನನ್ನು ಕ್ರೂರಿಯಾಗಿಸುತ್ತದೆಯೇ? ಮನೋವಿಜ್ಞಾನಿಗಳು ಇದನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. 2003ರಲ್ಲಿ ನವೊಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಕಂಪ್ಯೂಟರಿನ ಚೆಂಡಾಟ ಆಡಿಸಿದರು. ಉಳಿದ ಆಟಗಾರರು ಚೆಂಡು ಕೊಡುವುದನ್ನು ನಿಲ್ಲಿಸಿದಾಗ, ಮೈನೋವಿನ ಸಂಕಟದಲ್ಲಿ ಚುರುಕಾಗುವ ಮಿದುಳಿನ ಭಾಗವೇ ಚುರುಕಾಯಿತು. ಅದಕ್ಕೂ ಮೊದಲು, 2001ರಲ್ಲಿ, ಜೀನ್ ಟ್ವೆಂಗಿ ತಂಡ ಕೆಲವು ವಿದ್ಯಾರ್ಥಿಗಳಿಗೆ ‘ನಿಮ್ಮೊಂದಿಗೆ ಕೆಲಸ ಮಾಡಲು ಯಾರೂ ಒಪ್ಪಲಿಲ್ಲ’ ಎಂದು ಬೇಕೆಂದೇ ಸುಳ್ಳು ಹೇಳಿತ್ತು. ಅವರು ತಮಗೇನೂ ಕೆಡುಕು ಮಾಡದ ಅಪರಿಚಿತರಿಗೂ ಹೆಚ್ಚು ಕರ್ಕಶವಾದ ಸದ್ದು ಕೇಳಿಸಿದರು.

ಇಲ್ಲಿಗೇ ನಿಂತರೆ ‘ಹೌದು’ ಎನ್ನಬೇಕಾಗುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ವಾರ್ಬರ್ಟನ್, ವಿಲಿಯಮ್ಸ್ ಮತ್ತು ಕೇರ್ನ್ಸ್ ಅವರ 2006ರ ಪ್ರಯೋಗ. ಆಟದಿಂದ ಹೊರಗಿಟ್ಟವರಿಗೆ ಕಿವಿಗಡಚಿಕ್ಕುವ ಸದ್ದು ಕೇಳಿಸಲಾಯಿತು. ಅದು ಯಾವಾಗ ಬರಬೇಕೆಂಬುದು ಕೆಲವರ ಕೈಯಲ್ಲೇ ಇತ್ತು, ಉಳಿದವರಿಗೆ ಆ ಹಿಡಿತವಿರಲಿಲ್ಲ. ಆಮೇಲೆ, ಖಾರ ಒಲ್ಲದ ಅಪರಿಚಿತನೊಬ್ಬನಿಗೆ ಖಾರದ ಸಾಸ್ ಬಡಿಸಲು ಹೇಳಿದರು. ಹಿಡಿತವಿಲ್ಲದವರು ಬಡಿಸಿದ್ದು ಬೇರೆಲ್ಲ ಗುಂಪುಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಹಿಡಿತವಿದ್ದವರೋ, ಅವರೂ ಅಷ್ಟೇ ತಿರಸ್ಕೃತರು, ಆದರೂ ಆಟಕ್ಕೆ ಸೇರಿಸಿಕೊಂಡವರಿಗಿಂತ ಕಠಿಣರಾಗಲಿಲ್ಲ.

ಪ್ರಯೋಗಾಲಯದ ತಿರಸ್ಕಾರ ಕೆಲವು ನಿಮಿಷಗಳದ್ದು. ಅದು ವರ್ಷಗಟ್ಟಲೆ ಮುಂದುವರಿದರೆ ಖಿನ್ನತೆಗೆ, ಅಸಹಾಯಕತೆಗೆ ದಾರಿಯಾಗುತ್ತದೆ ಎನ್ನುತ್ತಾರೆ ಕಿಪ್ಲಿಂಗ್ ವಿಲಿಯಮ್ಸ್. ಏಟು ಹೆಚ್ಚಾಗಿ ಒಳಮುಖವಾಗಿಯೇ ಬೀಳುತ್ತದೆ. ಹೊರದಬ್ಬಿಸಿಕೊಂಡವರು ಹೊಸ ಬಂಧುಗಳನ್ನು ಹುಡುಕಿಕೊಳ್ಳುವುದೂ ಉಂಟು: ಹೆತ್ತ ಮನೆ ಬಿಡಬೇಕಾಗಿ ಬಂದ ಹಿಜ್ರಾಗಳು ಗುರು–ಚೇಲಾ ಸಂಬಂಧದಲ್ಲಿ ಮನೆ ಕಟ್ಟಿಕೊಂಡರು. 1919ರ ಕಾಯ್ದೆಯಾದರೋ ಅವರ ಉಡುಗೆ, ಹಾಡು, ಓಡಾಟಗಳ ಮೇಲಿನ ಹಿಡಿತವನ್ನೇ ಕಿತ್ತುಕೊಂಡಿತು.

ಹೋರಾಟಗಾರ್ತಿ ವೈಜಯಂತಿ ವಸಂತ ಮೊಗ್ಲಿ ಮತ್ತಿತರರು 2018ರಲ್ಲಿ ಹೂಡಿದ ದಾವೆಯಲ್ಲಿ ತೆಲಂಗಾಣ ಹೈಕೋರ್ಟ್ 2023ರ ಜುಲೈನಲ್ಲಿ ಆ ಕಾಯ್ದೆಯನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲಾತಿ, ರಾಜ್ಯದ ಆಸರಾ ಪಿಂಚಣಿ ಕೊಡಬೇಕೆಂದೂ ಸರ್ಕಾರಕ್ಕೆ ಸೂಚಿಸಿತು. 2024ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ಲಿಂಗತ್ವ ಅಲ್ಪಸಂಖ್ಯಾತರನ್ನು ಟ್ರಾಫಿಕ್ ಸಹಾಯಕರಾಗಿ ಕೆಲಸಕ್ಕೆ ತೆಗೆದುಕೊಂಡರು. ಸದ್ಯಕ್ಕೆ ಆ ಸಂಬಳ ಕೆಲವರ ಕೈಗಷ್ಟೇ ಸೇರುತ್ತಿದೆ.