ಗಂಟೆ ಕಮ್ಮಿಯಾಯ್ತು, ಅನುಮಾನ ಕಮ್ಮಿಯಾಗಲಿಲ್ಲ

ಹಲ್ಲುಜ್ಜುವಾಗ ಚೂರು ಪೇಸ್ಟ್ ಗಂಟಲಿಗಿಳಿದರೆ ಉಪವಾಸ ಮುರಿಯುತ್ತಾ? ಇಲ್ಲ, ಪೇಸ್ಟ್ ಊಟ ಅಲ್ಲ. ಆದರೂ ಈ ಒಂದು ಅನುಮಾನಕ್ಕೇ ಪರಮಪ್ರಸಾದದ ಸಾಲಿಗೆ ಹೋಗದೆ ಬೆಂಚಿನಲ್ಲೇ ಕೂತುಬಿಡುವ ಕ್ಯಾಥೊಲಿಕರಿದ್ದಾರೆ.

ನಿಯಮ ಸರಳ. ಪ್ರಸಾದ ಸ್ವೀಕರಿಸುವ 1 ಗಂಟೆ ಮೊದಲಿನಿಂದ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರಿಗೆ ವಿನಾಯಿತಿ ಇದೆ.

ಮೊದಲು ಇದು ಕಠಿಣವಾಗಿತ್ತು. ನಡುರಾತ್ರಿಯಿಂದ ನೀರೂ ಕುಡಿಯುವಂತಿರಲಿಲ್ಲ. ಪೋಪ್ 12ನೇ ಪಯಸ್ 1953ರಲ್ಲಿ ನೀರಿಗೆ ಒಪ್ಪಿದರು, 1957ರಲ್ಲಿ ಊಟದ ಗಡುವನ್ನು 3 ಗಂಟೆಗೆ ಇಳಿಸಿದರು. 1964ರಲ್ಲಿ 6ನೇ ಪೌಲ್ ಅದನ್ನು 1 ಗಂಟೆ ಮಾಡಿದರು.

ಹಾಗಿದ್ರೆ ಭಯ ಯಾಕೆ ಹೋಗಲಿಲ್ಲ? ಯಾಕಂದ್ರೆ ತೊಂದರೆ ಇರೋದು ನಿಯಮದಲ್ಲಲ್ಲ, ‘ನೂರಕ್ಕೆ ನೂರು ಖಾತ್ರಿಯಾಗಬೇಕು’ ಅನ್ನುವ ಹಟದಲ್ಲಿ. ಇದನ್ನು ಇಂಗ್ಲಿಷಿನಲ್ಲಿ ಸ್ಕ್ರೂಪ್ಯುಲಾಸಿಟಿ ಅಂತಾರೆ. ಅದರ ಲ್ಯಾಟಿನ್ ಮೂಲದ ಅರ್ಥ ಚೂಪಾದ ಪುಟ್ಟ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡರೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತೆ. ಅನೇಕರಲ್ಲಿ ಇದು ಒಸಿಡಿ ಎಂಬ ಗೀಳು ಕಾಯಿಲೆಯ ಒಂದು ರೂಪ. ಜೆಸ್ವಿಟ್ ಸಂಸ್ಥೆ ಕಟ್ಟಿದ ಇಗ್ನೇಷಿಯಸ್ ಲೊಯೋಲ ಕೂಡ 1522ರ ಸುಮಾರಿಗೆ, ಸ್ಪೇನಿನ ಮನ್ರೆಸಾದಲ್ಲಿ, ಎಷ್ಟು ಪಾಪನಿವೇದನೆ ಮಾಡಿದರೂ ಸಮಾಧಾನ ಸಿಗದೆ ಆತ್ಮಹತ್ಯೆಯ ಯೋಚನೆವರೆಗೆ ಹೋಗಿದ್ದರು.

‘ಒಬ್ಬರೇ ಗುರುಗಳ ಮಾತು ನಂಬು, ಅದನ್ನೇ ಮತ್ತೆ ಮತ್ತೆ ಕೇಳಬೇಡ’ ಅನ್ನೋದು ಚರ್ಚಿನ ಹಳೇ ಸಲಹೆ. ಇವತ್ತಿನ ಮನೋಚಿಕಿತ್ಸೆ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ: ಅನುಮಾನಕ್ಕೆ ಉತ್ತರ ಹುಡುಕಬೇಡಿ, ಅದನ್ನು ಇಟ್ಟುಕೊಂಡೇ ಮುಂದೆ ಹೋಗಿ. ಗಡಿಯಾರ ಇನ್ನೊಂದು ಸಲ ನೋಡಿದರೆ ಸಿಗುವ ನೆಮ್ಮದಿ ನಿಮಿಷದ್ದು. ಗೀಳಿಗೆ ಮಾತ್ರ ಅದೇ ಊಟ.