ಸೀತಾಳೆ ದಂಡೆ ನಿಮ್ಮೂರಲ್ಲೂ ಇದೆಯಾ?

ಮಳೆಗಾಲ ಶುರುವಾಗೋ ಹೊತ್ತಲ್ಲಿ,
ಸೊರಬದ ಕಾನಿನ ಅಂಚಲ್ಲಿ ನಿಂತು
ತಲೆ ಎತ್ತಿ ನೋಡಿದ್ದೀರಾ?

ಕೊಂಬೆಯಿಂದ ಗೇಣುದ್ದದ ಹೂಗೊಂಚಲು ಇಳಿಬಿದ್ದಿರುತ್ತೆ.
ಬಿಳಿ ಹೂ, ಮೇಲೆ ನೇರಳೆ ಚುಕ್ಕಿ.
ಒಂದೇ ಗೊಂಚಲಲ್ಲಿ 100ಕ್ಕೂ ಹೆಚ್ಚು ಹೂ ಇರಬಹುದು!

ಇದೇ ಸೀತಾಳೆ ದಂಡೆ.
ನಮ್ಮ ಮಲೆನಾಡಿನ ಆರ್ಕಿಡ್.
ಅಸ್ಸಾಂನಲ್ಲಿ ಇದು ರಾಜ್ಯಪುಷ್ಪ.
ಬಿಹು ಕುಣಿಯೋ ಹೆಣ್ಣುಮಕ್ಕಳ ಮುಡಿಯಲ್ಲಿ ಇದೇ ಹೂ.

ಬಂದಳಿಕೆ ಅಂತ ಕಿತ್ತು ಎಸೀಬೇಡಿ, ದಯವಿಟ್ಟು.
ಬಂದಳಿಕೆ ಮರದ ರಸ ಹೀರುತ್ತೆ.
ಇದು ಮರದ ಮೇಲೆ ಕೂತಿರುತ್ತೆ, ಅಷ್ಟೇ.

ಹೂ ಇಲ್ಲದಾಗ ಗುರುತು ಹಿಡಿಯೋದು ಹೇಗೆ?
ಎಲೆ ನೋಡಿ.
ದಪ್ಪ, ಉದ್ದ.
ತುದಿ ಚೂಪಾಗಿರಲ್ಲ, ಕಚ್ಚು ಬಿದ್ದಿರುತ್ತೆ.

ಈಗ ಬೇರು.
ಒಣಗಿದಾಗ ಬೂದು ಬಿಳಿ.
ನೀರು ಚಿಮುಕಿಸಿ...
ನೋಡ್ತಾ ನೋಡ್ತಾ ಹಸಿರಾಗುತ್ತೆ!
ಅದರ ಹೊರಪದರ ಸ್ಪಂಜಿನ ಹಾಗೆ.
ಮಳೆ ಹನಿ ಬಿದ್ದ ಕೂಡಲೇ ಹೀರಿಕೊಳ್ಳುತ್ತೆ.

ಮನೇಲಿ ಬೆಳೆಸಬಹುದಾ?
ಖಂಡಿತ.
ಆದರೆ ಕಾಡಿಂದ ಕೀಳಬೇಡಿ.
ಇದರ ಬೀಜ ತೀರಾ ಸಣ್ಣದು.
ಕಾಡಲ್ಲಿ ಅದು ಮೊಳೆಯೋಕೆ ಶಿಲೀಂಧ್ರದ ನೆರವು ಬೇಕು.
ಆಮೇಲೆ ಹೂ ಬಿಡೋಕೆ ವರ್ಷಗಳೇ ಹಿಡಿಯುತ್ತೆ.
ಹಾಗಾಗಿ ನರ್ಸರಿಯಲ್ಲಿ ಬೆಳೆಸಿದ ಗಿಡಾನೇ ತನ್ನಿ.

ಮಣ್ಣು ಬೇಡ, ಕುಂಡಾನೂ ಬೇಡ.
ಹಿತ್ತಲಿನ ಮಾವಿಗೋ ಹಲಸಿಗೋ
ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿ.
ಬೇರಿಗೆ ಗಾಳಿ ಆಡಲಿ.
ಬೆಳಗಿನ ಎಳೆಬಿಸಿಲು ಸಾಕು.

ಶಿಕಾರಿಪುರದ ಕಡೆಯವರೇ,
ನಿಮ್ಮಲ್ಲಿ ಬಿಸಿಲು ಜಾಸ್ತಿ.
ಬೇಸಗೇಲಿ ದಿನಾ ನೀರು ಚಿಮುಕಿಸಿ.

ಬೇರು ತೊಗಟೆಗೆ ಗಟ್ಟಿಯಾಗಿ ಅಂಟಿಕೊಂಡ ಮೇಲೆ
ಹುರಿ ಬಿಚ್ಚಿಬಿಡಿ.